ಸಿಳ್ಳೆ ಸಾಲದು

ಮಂಜುಳಾ ಆ ವಿದ್ಯುತ್ ಶಾಖಾ ಕಚೇರಿಗೆ ಜೂನಿಯರ್ ಎಂಜಿನಿಯರ್ (ಜೆಇ) ಆಗಿ ಬರುವ ಮೊದಲೇ ಅವಳ ಜಾತಿ ಅಲ್ಲಿಗೆ ಬಂದು ಕೂತಿತ್ತು. ಬೇಲೂರಿನಿಂದ ಯಾರೋ ಫೋನ್ ಮಾಡಿ ತಿಳಿಸಿದ್ದರು: ಅರಸೀಕೆರೆ ಕಡೆಯ ಹುಡುಗಿ, ತಮ್ಮಯ್ಯ ಅನ್ನೋನ ಮಗಳು, ಕಾಲೋನಿಯವರು, ಈಗ ಬೌದ್ಧರು ಅಂತ ಬರೆಸ್ತಾರಂತೆ. ಹಾಗಾಗಿ ಮಾರ್ಚ್ ತಿಂಗಳ ಒಂದು ಸೋಮವಾರ ಅವಳು ಹಗರೆಯಲ್ಲಿ ಬಸ್ ಇಳಿದು, ಮುಖ್ಯರಸ್ತೆಯಿಂದ ಒಳಗೆ ನಡೆದು ಕಚೇರಿಯ ಮೆಟ್ಟಿಲು ಹತ್ತಿದಾಗ, ಒಳಗಿದ್ದ ನಾಲ್ವರಿಗೂ ಅವಳ ಬಗ್ಗೆ ಕೇಳಬೇಕಾದ್ದು ಏನೂ ಉಳಿದಿರಲಿಲ್ಲ. ಯಾರೂ ಏನೂ ಕೇಳಲೂ ಇಲ್ಲ.

ನಾಲ್ವರಲ್ಲಿ ಹಿರಿಯ ಉಗ್ರಪ್ಪ. ಐವತ್ತೇಳು ವರ್ಷ ವಯಸ್ಸು, ಲೈನ್‌ಮನ್ ಆಗಿ ಮೂವತ್ತೊಂದು ವರ್ಷ. ಯಾರ ತೋಟದಲ್ಲಿ ಯಾವ ಕಂಬ ವಾಲಿದೆ, ಯಾವ ಟ್ರಾನ್ಸ್‌ಫಾರ್ಮರ್ ಬೇಸಿಗೆಯಲ್ಲಿ ಕೈಕೊಡುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವನು. ಜನ ಕಚೇರಿಗೆ ಫೋನ್ ಮಾಡುತ್ತಿರಲಿಲ್ಲ, ಉಗ್ರಪ್ಪನಿಗೆ ಮಾಡುತ್ತಿದ್ದರು. ಹಿಂದಿನ ಜೆಇ ಸಹಿ ಹಾಕುವುದಷ್ಟೇ ತಮ್ಮ ಕೆಲಸ ಎಂದುಕೊಂಡು ನಾಲ್ಕು ವರ್ಷ ಸುಖವಾಗಿ ಕಳೆದು ವರ್ಗವಾಗಿ ಹೋಗಿದ್ದರು. ಪುಟ್ಟರಾಜು ಜೀಪು ಓಡಿಸುತ್ತಿದ್ದ, ಕಾಗದ ಪತ್ರವನ್ನೂ ಅವನೇ ಬರೆಯುತ್ತಿದ್ದ. ಭೀಮರಾಜ್ ನಲವತ್ತು ದಾಟಿದ ಲೈನ್‌ಮನ್, ಮಂಜುಳಾಳ ಜನವೇ. ಅರುಣ್‌ಕುಮಾರ್ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಉಗ್ರಪ್ಪ ಹೂಂ ಅಂದರೆ ಅವನೂ ಹೂಂ.

ಮಂಜುಳಾ ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ. "ಅರ್ಥಿಂಗ್ ಕೋಲುಗಳು ಎಲ್ಲಿವೆ?"

ಉಗ್ರಪ್ಪ ಪುಟ್ಟರಾಜುವಿನ ಮುಖ ನೋಡಿದ. "ಅದಾ ಮೇಡಂ? ಐತೆ ಇಲ್ಲೇ ಎಲ್ಲೋ."

ಹುಡುಕಿದಾಗ ಒಂದು ಜೊತೆ ಕಚೇರಿಯ ಹಿಂದೆ ಸಿಕ್ಕಿತು. ಕಾಯಿ ಭಾರಕ್ಕೆ ಬಾಗಿದ ನುಗ್ಗೆಮರದ ಕೊಂಬೆಗೆ ಊರುಗೋಲಾಗಿ ನಿಲ್ಲಿಸಿದ್ದರು. ಇನ್ನೊಂದು ಜೊತೆ ಗುಜರಿ ಸಾಮಾನಿನ ನಡುವೆ ಇತ್ತು, ಅದರ ಕೊಕ್ಕೆ ಮುರಿದಿತ್ತು. ಕಂಬದ ಮೇಲೆ ಕೆಲಸ ಮಾಡುವಾಗ ಆ ಕೋಲಿನ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ, ಅದರ ಸರಿಗೆಯನ್ನು ನೆಲದಲ್ಲಿ ಹೂತ ಸಲಾಕೆಗೆ ಕಟ್ಟಬೇಕು. ಎಲ್ಲಿಂದಾದರೂ ತಪ್ಪಿ ಕರೆಂಟ್ ಬಂದರೆ ಮನುಷ್ಯನ ಮೈ ಬಿಟ್ಟು ನೆಲಕ್ಕೆ ಹೋಗಲಿ ಎಂದು. ಮಂಜುಳಾ ತಾನೇ ಕೋಲನ್ನು ಎಳೆದು ತಂದು ವರಾಂಡದ ಗೋಡೆಗೆ ಒರಗಿಸಿದಳು. ಆಸರೆ ತಪ್ಪಿದ ನುಗ್ಗೆ ಕೊಂಬೆ ಲಟಕ್ಕೆಂದು ಮುರಿದುಕೊಂಡು ಬಿತ್ತು. ಅರುಣ್‌ಕುಮಾರನಿಗೆ ನಗು ಬಂತು. ಉಗ್ರಪ್ಪ ನಗಲಿಲ್ಲವಾದ್ದರಿಂದ ಅವನೂ ನಿಲ್ಲಿಸಿದ.

"ಇವತ್ತಿಂದ ಎರಡು ಮಾತು," ಅಂದಳು ಮಂಜುಳಾ. "ಲೈನ್ ಕ್ಲಿಯರ್ ನನ್ನ ಹೆಸರಲ್ಲಿ ತಗೋಬೇಕು, ನಾನೇ ವಾಪಸ್ ಕೊಡ್ತೀನಿ. ಅರ್ಥಿಂಗ್ ಹಾಕದೆ ಯಾರೂ ಕಂಬ ಹತ್ತೋ ಹಾಗಿಲ್ಲ."

ಲೈನ್ ಕ್ಲಿಯರ್ ಎಂದರೆ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಆ ಮಾರ್ಗದ ಕರೆಂಟ್ ತೆಗೆಸುವುದು. ಯಾರ ಹೆಸರಲ್ಲಿ ತೆಗೆಸಿದ್ದಾರೋ ಅವರೇ "ಆಯಿತು, ಬಿಡಿ" ಅನ್ನುವವರೆಗೆ ಅಲ್ಲಿನವರು ಕರೆಂಟ್ ಬಿಡುವಂತಿಲ್ಲ. ಇಷ್ಟು ವರ್ಷ ಅದು ಉಗ್ರಪ್ಪನ ಫೋನಿನಲ್ಲೇ ನಡೆಯುತ್ತಿತ್ತು. ಅವನ ದನಿ ಕೇಳಿದರೆ ಸಾಕು, ಆಪರೇಟರುಗಳು ಹೆಸರೂ ಕೇಳುತ್ತಿರಲಿಲ್ಲ.

"ಆಯ್ತು ಮೇಡಂ," ಅಂದ ಉಗ್ರಪ್ಪ. ಆಮೇಲಿನ ಎರಡು ತಿಂಗಳು ಅವಳ ಪ್ರತಿ ಮಾತಿಗೂ ಅವನ ಉತ್ತರ ಅದೇ ಆಗಿತ್ತು. ಬೈಯಲಿಲ್ಲ, ವಾದಿಸಲಿಲ್ಲ. ಆಯ್ತು ಮೇಡಂ.

ಮುಂದಿನ ವಾರದಿಂದ ಕೆಲಸ ನಿಧಾನವಾಯಿತು. ಹತ್ತು ನಿಮಿಷದಲ್ಲಿ ಆಗುತ್ತಿದ್ದ ಫ್ಯೂಸಿನ ಕೆಲಸಕ್ಕೆ ಒಂದು ಗಂಟೆ. ಕಂಬದ ಕೆಳಗೆ ಕೂತು ಬೀಡಿ ಸೇದುತ್ತಾ "ಮೇಡಂ ಲೈನ್ ಕ್ಲಿಯರ್ ಕೊಡಿಸ್ಬೇಕು, ನಮ್ ಕೈಲಿ ಏನೂ ಇಲ್ಲ ಕಣಣ್ಣ" ಎಂದು ರೈತರಿಗೆ ಅವಳ ನಂಬರ್ ಕೊಡುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಅವಳ ಫೋನ್ ಬಡಿದುಕೊಳ್ಳುತ್ತಿತ್ತು. ಅವಳಿಗೆ ಅವರು ಇಟ್ಟ ಹೆಸರು "ಅರ್ಥಿಂಗಮ್ಮ." ಕಚೇರಿಯ ವಾಟ್ಸಾಪ್ ಗುಂಪು ಒಂದು ದಿನ ಇದ್ದಕ್ಕಿದ್ದಂತೆ ಸುಮ್ಮನಾಯಿತು, ಅವಳನ್ನು ಬಿಟ್ಟು ಇನ್ನೊಂದು ಮಾಡಿಕೊಂಡಿದ್ದಾರೆಂದು ಅವಳಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಮಧ್ಯಾಹ್ನದ ಚಹಾಕ್ಕೆ ನಾಲ್ವರೂ ರಸ್ತೆಯ ಆಚೆ ಲಲಿತಮ್ಮನ ಹೋಟೆಲಿಗೆ ಹೋಗುತ್ತಿದ್ದರು. ಅವಳನ್ನು ಯಾರೂ ಕರೆಯಲಿಲ್ಲ. ಮೂರನೆಯ ದಿನ ಅವಳೇ ಹೋದಳು. ಅವಳು ಬೆಂಚಿನ ತುದಿಗೆ ಕೂರುತ್ತಿದ್ದಂತೆ ಪುಟ್ಟರಾಜು ಎದ್ದ, ಅರುಣ್‌ಕುಮಾರ್ ಎದ್ದ, ಉಗ್ರಪ್ಪ ಲೋಟ ಕೆಳಗಿಟ್ಟು "ಬತ್ತೀನಿ ಲಲಿತಮ್ಮ" ಅಂದ. ಕೊನೆಗೆ ಭೀಮರಾಜನೂ ಎದ್ದ. ಅವನ ಲೋಟದಲ್ಲಿ ಇನ್ನೂ ಅರ್ಧ ಚಹಾ ಇತ್ತು.

ಮಂಜುಳಾ ಖಾಲಿ ಬೆಂಚಿನ ನಡುವಿಗೆ ಸರಿದು ಕೂತಳು. "ಅಮ್ಮ, ಒಂದು ಚಹಾ. ಎರಡು ಬೋಂಡ."

ಮಾರನೆಯ ದಿನವೂ ಹೋದಳು, ಅದರ ಮಾರನೆಯ ದಿನವೂ. ಅವರು ಏಳುತ್ತಿದ್ದರು, ಅವಳು ಕೂರುತ್ತಿದ್ದಳು. ವಾರದ ಮೇಲೆ ಲಲಿತಮ್ಮನೇ ತಡೆಯಲಾರದೆ ಕೇಳಿದಳು. "ಅವ್ರು ಎದ್ದು ಹೋಯ್ತಾರೆ ಅಂತ ಗೊತ್ತಿದ್ದೂ ಯಾಕ್ ಬತ್ತೀಯವ್ವ?"

"ಬೋಂಡ ಚೆನ್ನಾಗಿದೆ," ಅಂದಳು ಮಂಜುಳಾ.

ಭೀಮರಾಜ್ ಎದ್ದು ಹೋದದ್ದು ಮಾತ್ರ ಅವಳಿಗೆ ಚುಚ್ಚಿತ್ತು. ಒಂದು ದಿನ ಅವನೊಬ್ಬನೇ ವರಾಂಡದಲ್ಲಿ ಹಗ್ಗ ಸುತ್ತುತ್ತಿದ್ದಾಗ ನೇರವಾಗಿ ಕೇಳಿಬಿಟ್ಟಳು. "ನೀವೂ ಯಾಕಣ್ಣ?"

ಭೀಮರಾಜ್ ಹಗ್ಗದಿಂದ ಕಣ್ಣೆತ್ತಲಿಲ್ಲ. "ನೀವು ಎರಡು ವರ್ಷ ಇರ್ತೀರಾ, ಆಮೇಲೆ ವರ್ಗ ಆಗಿ ಹೋಗ್ತೀರಾ ಮೇಡಂ. ನಾನು ಇವ್ರ ಜೊತೇಲೇ ಕಂಬ ಹತ್ತಬೇಕು. ಮೇಲೆ ನಿಂತಿದ್ದಾಗ ಕೆಳಗಿಂದ ಹಗ್ಗ ಹಿಡಿಯೋರು ಇವ್ರೇ." ಹಗ್ಗದ ತುದಿಗೆ ಗಂಟು ಬಿಗಿದು ಇನ್ನೊಂದು ಮಾತು ಸೇರಿಸಿದ. "ನಾವಿಬ್ರೂ ಒಂದು ಅಂತ ಅವ್ರಿಗೆ ಅನ್ಸೋದು ನಂಗೂ ಬ್ಯಾಡ, ನಿಮ್ಗೂ ಬ್ಯಾಡ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

ಅವಳು ಹಳೇಬೀಡಿನಲ್ಲಿ ಒಂದು ಕೋಣೆ ಹಿಡಿದಿದ್ದಳು. ಭಾನುವಾರ ಅರಸೀಕೆರೆಗೆ ಬಸ್ ಹತ್ತಿ, ಅಲ್ಲಿಂದ ಆಟೋದಲ್ಲಿ ಮಾಲೇಕಲ್ಲಿನ ಬೆಟ್ಟದ ಕೆಳಗಿನ ತನ್ನೂರಿಗೆ ಹೋಗುತ್ತಿದ್ದಳು. ಅಪ್ಪ ತಮ್ಮಯ್ಯ ಹರೆಯದಲ್ಲಿ ಕಂಬ ನೆಡುವ ಕಂಟ್ರಾಕ್ಟರನ ಗ್ಯಾಂಗಿನಲ್ಲಿದ್ದವನು. ಲಾರಿ ಹೋಗದ ಹೊಲಗಳಿಗೆ ಎಂಟು ಜನ ಸೇರಿ ಹೆಗಲ ಮೇಲೆ ಕಂಬ ಹೊತ್ತಿದ್ದರು. ಅವನ ಬಲ ಹೆಗಲು ಈಗಲೂ ಎಡಕ್ಕಿಂತ ತಗ್ಗಿತ್ತು. ತಾನು ಕಂಬ ಹೊತ್ತ ಇಲಾಖೆಯಲ್ಲೇ ಮಗಳು ಕುರ್ಚಿಯಲ್ಲಿ ಕೂತಳೆಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ಮಗಳ ಕಥೆ ಕೇಳಿದ ಮೇಲೆ ಸಣ್ಣಗಾದ.

"ಲೈನ್‌ಮನ್‌ಗಳ್ನ ಎದುರು ಹಾಕ್ಕೋಬ್ಯಾಡ ಕಣವ್ವ. ಕೆಲ್ಸ ಗೊತ್ತಿರೋರು ಅವ್ರು. ಸ್ವಲ್ಪ ಬಗ್ಗಿ ನಡಿ."

ಮಂಜುಳಾ ಬಾಯಿ ತೆರೆಯುವ ಮೊದಲೇ ಅವ್ವ ಲಕ್ಕಮ್ಮ ಒಳಗಿನಿಂದ ಬಂದಳು. ಕೈಯಲ್ಲಿ ಮುದ್ದೆ ತೊಳಸುವ ಕೋಲು ಇತ್ತು. "ನೀನ್ ಬಗ್ಗಿ ನಡ್ದು ಏನ್ ಕಂಡೆ? ಹೆಗಲು ಬಗ್ತು ಅಷ್ಟೇಯ. ಅವ್ಳಿಗೂ ಅದ್ನೇ ಹೇಳ್ಕೊಡ್ಬ್ಯಾಡ."

ಮಗಳು ಹೊರಡುವಾಗ ಲಕ್ಕಮ್ಮ ಒಂದು ಡಬ್ಬಿ ತುಂಬ ಕಜ್ಜಾಯ ಕೊಟ್ಟು, "ಆಫೀಸ್ನಲ್ಲಿ ಕೊಡು," ಅಂದಳು.

ಮಾರನೆಯ ದಿನ ಮಂಜುಳಾ ಡಬ್ಬಿಯ ಮುಚ್ಚಳ ತೆಗೆದು ಕಚೇರಿಯ ಮೇಜಿನ ಮೇಲಿಟ್ಟಳು. "ಅವ್ವ ಮಾಡಿದ್ದು, ತಗೊಳ್ಳಿ." ಪುಟ್ಟರಾಜುವಿಗೆ ಸಕ್ಕರೆ ಕಾಯಿಲೆ ನೆನಪಾಯಿತು. ಉಗ್ರಪ್ಪ ಊಟ ಈಗಷ್ಟೇ ಆಯಿತು ಅಂದ. ಅರುಣ್‌ಕುಮಾರ್ ಡಬ್ಬಿ ನೋಡಿದ, ಉಗ್ರಪ್ಪನನ್ನು ನೋಡಿದ, ಫೋನ್ ಬಂತೆಂದು ಹೊರಗೆ ಹೋದ, ಭೀಮರಾಜನೂ ಅವನ ಹಿಂದೆ ನಡೆದ. ಸಂಜೆ ಐದಕ್ಕೆ ಕಜ್ಜಾಯ ಇಟ್ಟ ಹಾಗೇ ಇತ್ತು, ಇರುವೆ ಮುತ್ತತೊಡಗಿದ್ದವು. ನಾಲ್ವರೂ ಹಾಜರಿ ಹಾಕಲು ಬಂದಾಗ ಮಂಜುಳಾ ಇರುವೆ ಕೊಡವಿ ಒಂದು ಕಜ್ಜಾಯ ತೆಗೆದುಕೊಂಡು ಅವರೆದುರೇ ತಿಂದಳು. ಎರಡನೆಯದನ್ನೂ ತಿಂದಳು. ಮೂರನೆಯದನ್ನು ತಿನ್ನುತ್ತಾ ಪುಸ್ತಕ ಅವರ ಕಡೆ ತಳ್ಳಿ, "ಸಹಿ ಮಾಡಿ," ಅಂದಳು. ಹಳೇಬೀಡಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಇಟ್ಟುಕೊಂಡು ಅಳು ನುಂಗಿದಳು. ಉಳಿದ ಕಜ್ಜಾಯವನ್ನು ಕೋಣೆಯ ಪಕ್ಕದ ಮನೆಯ ಮಕ್ಕಳು ತಿಂದವು.

ಏಪ್ರಿಲ್ ಕೊನೆಗೆ ಬೇಲೂರಿನ ಮೇಲಧಿಕಾರಿ ಮೋಹನ್‌ಕುಮಾರ್ ಕರೆಸಿದರು. ಮೇಜಿನ ಮೇಲೆ ಪುಟ್ಟರಾಜುವಿನ ದುಂಡು ಅಕ್ಷರದ ಅರ್ಜಿ ಇತ್ತು. ಹೊಸ ಜೆಇ ಅನಗತ್ಯ ನಿಯಮ ಹೇರಿ ಸಿಬ್ಬಂದಿಗೆ ಕಿರುಕುಳ ಕೊಡುತ್ತಿದ್ದಾರೆ, ಗ್ರಾಹಕರಿಗೆ ತೊಂದರೆಯಾಗುತ್ತಿದೆ. ಕೆಳಗೆ ನಾಲ್ಕು ಸಹಿ. ನಾಲ್ಕನೆಯದು ಭೀಮರಾಜನದು.

"ನೀನು ಹೇಳೋದು ತಪ್ಪು ಅಂತ ನಾನು ಅನ್ನಲ್ಲಮ್ಮ," ಅಂದರು ಮೋಹನ್‌ಕುಮಾರ್. ಕೆಟ್ಟ ಮನುಷ್ಯರಲ್ಲ, ದಣಿದವರು. "ಆದ್ರೆ ನೋಡು, ಸ್ವಲ್ಪ ಹೊಂದ್ಕೊಂಡು ಹೋಗು. ಚಿಕ್ಕ ಪುಟ್ಟ ಕೆಲಸಕ್ಕೆಲ್ಲ ಅರ್ಥಿಂಗ್ ಅಂತ ಕೂತ್ರೆ ಆಗುತ್ತಾ?"

"ಬೇಡ ಅಂತ ಬರೆದು ಕೊಡಿ ಸರ್. ಬಿಟ್ಟುಬಿಡ್ತೀನಿ."

ಮೋಹನ್‌ಕುಮಾರ್ ಕನ್ನಡಕ ತೆಗೆದು ಒರೆಸಿದರು. ಬರೆದು ಕೊಡಲಿಲ್ಲ.

"ಹಾಗಾದ್ರೆ ಮುರಿದ ಕೊಕ್ಕೆ ಬದಲಿಗೆ ಹೊಸ ಜೊತೆ ಕೊಡಿಸಿ. ಎರಡು ಸಲ ಬರೆದಿದ್ದೀನಿ."

"ನೋಡೋಣ," ಅಂದರು.

ಮೇ ಎರಡನೆಯ ವಾರ ಸಂಜೆ ಆರಕ್ಕೆ ಗಾಳಿ ಮಳೆ ಎದ್ದಿತು. ಕಲ್ಲುಕೊಪ್ಪಲು ಎಂಬ ಊರಿನ ಪಕ್ಕ ತೆಂಗಿನಮರವೊಂದು ತಂತಿಯ ಮೇಲೆ ಬಿದ್ದು ಊರಿಗೆ ಊರೇ ಕರೆಂಟ್ ಇಲ್ಲದಂತಾಯಿತು. ಬೆಳಗ್ಗೆ ತಂಡ ಅಲ್ಲಿಗೆ ಹೋದಾಗ ಕೆಂಚಪ್ಪ ಕಾಯುತ್ತಾ ನಿಂತಿದ್ದ. ದೊಡ್ಡ ಜಮೀನುದಾರ, ಊರಿನ ಡೇರಿ ಅಧ್ಯಕ್ಷ. ಡೇರಿಯಲ್ಲಿ ಹಾಲು ತಂಪಾಗಿಡುವ ದೊಡ್ಡ ಟ್ಯಾಂಕ್ ಇತ್ತು. ಅದರ ಜನರೇಟರ್ ಕೆಟ್ಟು ರಿಪೇರಿಗೆ ಹೋಗಿತ್ತು. ರಾತ್ರಿಯ ಹಾಲು ಹೇಗೋ ಉಳಿದಿದೆ, ಬೆಳಗಿನದೂ ಅದಕ್ಕೇ ಬಿದ್ದಿದೆ, ಸಂಜೆ ನಾಲ್ಕಕ್ಕೆ ಟ್ಯಾಂಕರ್ ಬರುತ್ತದೆ; ಎರಡೂವರೆ, ಮೂರಕ್ಕಾದರೂ ಕರೆಂಟ್ ಬಂದರೆ ಹಾಲು ತಣ್ಣಗಾಗುತ್ತದೆ, ಇಲ್ಲದಿದ್ದರೆ ಎಲ್ಲ ಚರಂಡಿಗೆ ಅಂದ.

"ಆದಷ್ಟು ಬೇಗ ಮಾಡ್ತೀವಿ," ಅಂದಳು ಮಂಜುಳಾ.

ಕೆಲಸ ಎರಡು ಕಡೆ ಇತ್ತು. ಊರ ಪಕ್ಕದಲ್ಲಿ ತುಂಡಾದ ತಂತಿ ಜೋಡಿಸುವುದು. ಅದಕ್ಕೆ ಉಗ್ರಪ್ಪ, ಅರುಣ್‌ಕುಮಾರ್. ಹಳ್ಳದ ಆಚೆ, ಬಿದಿರು ಮೆಳೆಯ ಹಿಂದಿನ ಕಂಬದಲ್ಲಿ ತಂತಿ ಕಳಚಿ ಜೋತುಬಿದ್ದಿತ್ತು, ಅದಕ್ಕೆ ಭೀಮರಾಜ್. ಮಂಜುಳಾ ತನ್ನ ಹೆಸರಲ್ಲಿ ಲೈನ್ ಕ್ಲಿಯರ್ ತೆಗೆದುಕೊಂಡು, ಇದ್ದ ಒಂದೇ ಒಳ್ಳೆಯ ಅರ್ಥಿಂಗ್ ಜೊತೆಯನ್ನು ಊರ ಕಡೆಯ ಕಂಬಕ್ಕೆ ಹಾಕಿಸಿದಳು. ಸಬ್‌ಸ್ಟೇಷನ್ನಿನಿಂದ ಕರೆಂಟ್ ಬರಬೇಕಾದ ದಾರಿ ಅದೇ. ತಪ್ಪಿ ಬಂದರೂ ಅಲ್ಲೇ ನೆಲ ಸೇರುತ್ತಿತ್ತು, ಆಚೆಗಿದ್ದವನಿಗೂ ಅದೇ ಕಾವಲು. ಭೀಮರಾಜ್ ಅಂಗಿ ಬಿಚ್ಚಿ ಜೀಪಿನಲ್ಲಿಟ್ಟು, ಹೆಗಲಿಗೆ ಹಗ್ಗ ಹಾಕಿಕೊಂಡು ಹಳ್ಳ ದಾಟಿದ. ಅವನ ಫೋನ್ ಅಂಗಿಯ ಜೇಬಿನಲ್ಲೇ ಉಳಿಯಿತು.

"ಮುಗಿದ್ರೆ ಹೇಗೆ ಗೊತ್ತಾಗುತ್ತೆ?" ಕೇಳಿದಳು ಮಂಜುಳಾ.

"ಸಿಳ್ಳೆ ಹೊಡೀತಾನೆ ಮೇಡಂ," ಅಂದ ಉಗ್ರಪ್ಪ. "ಹದಿನೈದು ವರ್ಷದಿಂದ ಅದೇಯ."

ಮರ ಕಡಿದು ಎಳೆಯುವುದರಲ್ಲೇ ಮಧ್ಯಾಹ್ನವಾಯಿತು. ಉಗ್ರಪ್ಪ ಕಂಬದ ಮೇಲೆ ಚೆನ್ನಾಗಿಯೇ ಕೆಲಸ ಮಾಡಿದ. ಕೆಳಗೆ ನಿಂತು ನೋಡುತ್ತಿದ್ದ ಮಂಜುಳಾಳಿಗೆ ಆ ವಯಸ್ಸಿನಲ್ಲಿ ಆ ಕೈಯ ಹದ ಕಂಡು ಒಳಗೇ ಮೆಚ್ಚಿಗೆಯಾಯಿತು. ಎರಡೂಕಾಲಿಗೆ ತಂತಿ ಬಿಗಿಯಾಯಿತು. ಉಗ್ರಪ್ಪ ಇಳಿದು ಬೆವರು ಒರೆಸಿಕೊಂಡ. ಆಗ ಹಳ್ಳದ ಆಚೆಯಿಂದ ಒಂದು ಸಿಳ್ಳೆ ಕೇಳಿಸಿತು. ಉದ್ದನೆಯ ಒಂದೇ ಸಿಳ್ಳೆ.

"ಆಯ್ತು ನೋಡಿ," ಅಂದ ಉಗ್ರಪ್ಪ. ಅವಳು ಹೇಳುವ ಮುಂಚೆಯೇ ಅರ್ಥಿಂಗ್ ಕೊಕ್ಕೆ ಕಳಚಿ ಕೆಳಗಿಳಿಸಿದ. "ಲೈನ್ ವಾಪಸ್ ಕೊಡಿ ಮೇಡಂ."

ಮಂಜುಳಾ ಫೋನ್ ಕೈಗೆತ್ತಿಕೊಂಡಳು, ಆದರೆ ನಂಬರ್ ಒತ್ತಲಿಲ್ಲ. ಹಳ್ಳದ ಕಡೆ ನೋಡಿದಳು. ಬಿದಿರು ಮೆಳೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. "ಭೀಮರಾಜಣ್ಣ ಇನ್ನೂ ಬಂದಿಲ್ಲ."

"ಇಳಿದು ಬತ್ತಾ ಇರ್ತಾನೆ. ಸಿಳ್ಳೆ ಕೇಳ್ಲಿಲ್ವಾ?"

"ಕೇಳಿಸ್ತು. ಇಳಿದದ್ದು ಕಾಣಿಸ್ಲಿಲ್ಲ."

ಕೆಂಚಪ್ಪ ಮುಂದೆ ಬಂದ. ಅವನ ಹಿಂದೆ ಡೇರಿಯ ಏಳೆಂಟು ಜನ, ಕ್ಯಾನು ಹಿಡಿದ ಹೆಂಗಸರು. "ಏನಮ್ಮ, ಇನ್ನೇನ್ ನಿಂದು? ಲೈನ್‌ಮನ್ನೇ ಆಯ್ತು ಅಂತಾವ್ನೆ."

"ಒಬ್ಬರು ಇನ್ನೂ ಕಂಬದ ಹತ್ತಿರ ಇದ್ದಾರೆ. ಅವರನ್ನ ನೋಡಿದ ಮೇಲೆ ಕೊಡ್ತೀನಿ."

ಕೆಂಚಪ್ಪ ಫೋನ್ ತೆಗೆದು ಬೇಲೂರಿಗೆ ಮಾತಾಡಿದ. ಆಮೇಲೆ ಆ ಫೋನನ್ನೇ ಅವಳ ಮುಂದೆ ಹಿಡಿದ. ಮೋಹನ್‌ಕುಮಾರರ ದನಿ ಗಟ್ಟಿಯಾಗಿತ್ತು. "ಸಾವಿರಾರು ಲೀಟರ್ ಹಾಲಮ್ಮ. ಉಗ್ರಪ್ಪ ಕೆಲಸ ಮುಗೀತು ಅಂತಿದ್ದಾನೆ. ಲೈನ್ ವಾಪಸ್ ಕೊಡು."

"ಭೀಮರಾಜ್ ಇಳಿದಿದ್ದನ್ನ ನಾನು ನೋಡಿಲ್ಲ ಸರ್."

"ಉಗ್ರಪ್ಪನಿಗಿಂತ ನಿನಗೆ ಹೆಚ್ಚು ಗೊತ್ತಾ?"

"ಇಲ್ಲ ಸರ್. ಅವರಿಗೂ ಕಂಡಿಲ್ಲ, ನನಗೂ ಕಂಡಿಲ್ಲ. ಲೈನ್ ಕ್ಲಿಯರ್ ನನ್ನ ಹೆಸರಲ್ಲಿದೆ, ಕೊಡಲ್ಲ."

ಫೋನನ್ನು ಕೆಂಚಪ್ಪನ ಕೈಗೆ ವಾಪಸ್ ಕೊಟ್ಟಳು. ಪುಟ್ಟರಾಜು ಜೀಪಿಗೆ ಒರಗಿಕೊಂಡು, ಎಲ್ಲರಿಗೂ ಕೇಳುವಂತೆ, "ಕುರ್ಚಿ ಸಿಕ್ತು ಅಂದ್ರೆ ಹಿಂಗೇ," ಅಂದ. ಕ್ಯಾನು ಹಿಡಿದಿದ್ದವರಲ್ಲಿ ಜಾನಕಮ್ಮ ಎಂಬ ಹೆಂಗಸು ಅವಳ ದಾರಿಗೆ ಅಡ್ಡ ಬಂದಳು. "ನಿನ್ ರೂಲ್ಸು ನನ್ ಹಸುಗೆ ಗೊತ್ತೇನವ್ವ? ಮೂರು ಗಂಟೆ ರಾತ್ರಿಗೆ ಎದ್ದು ಕರೆದಿದೀನಿ ಆ ಹಾಲ್ನ."

"ಗೊತ್ತಮ್ಮ," ಅಂದಳು ಮಂಜುಳಾ. "ದಾರಿ ಬಿಡಿ."

ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಗದ್ದೆಗೆ ಇಳಿದಳು. ಹಿಂದಿನ ದಿನದ ಮಳೆಗೆ ಕೆಸರು ಮೊಣಕಾಲಿನವರೆಗೆ ಹೂತುಕೊಳ್ಳುತ್ತಿತ್ತು. ಹಳ್ಳದಲ್ಲಿ ನೀರು ಸೊಂಟದ ತನಕ ಬಂತು. ಯಾರೂ ಜೊತೆಗೆ ಬರಲಿಲ್ಲ. ಅರ್ಧ ದಾರಿಯಲ್ಲಿ ಹಿಂದೆ ನೀರು ಕಲಕಿದ ಸದ್ದು ಕೇಳಿ ತಿರುಗಿದರೆ ಉಗ್ರಪ್ಪ ಬರುತ್ತಿದ್ದ. ಮುಖ ಕೆಂಪಾಗಿತ್ತು. ಅವಳ ತಪ್ಪನ್ನು ಅವಳ ಕಣ್ಣಿಗೇ ತೋರಿಸಬೇಕೆಂದು ಹೊರಟವನ ನಡಿಗೆ ಅದು.

ಮೆಳೆ ಸುತ್ತಿ ಆಚೆ ಹೋದಾಗ ಮೊದಲು ಕಂಡದ್ದು ಕುರಿಗಳು. ಬದುವಿನ ಮೇಲೆ ಹಳದಿ ಟವೆಲ್ ಸುತ್ತಿಕೊಂಡ ಕುರಿಗಾಹಿಯೊಬ್ಬ ನಿಂತಿದ್ದ. ಅವರು ನೋಡುತ್ತಿದ್ದಂತೆ ಎರಡು ಬೆರಳು ಬಾಯಿಗಿಟ್ಟು ಉದ್ದನೆಯ ಸಿಳ್ಳೆ ಹೊಡೆದ. ಗದ್ದೆಗೆ ನುಗ್ಗುತ್ತಿದ್ದ ಕುರಿಗಳು ಹಿಂದೆ ಸರಿದವು.

ಅವನ ಆಚೆಗೆ ಕಂಬ. ಕಂಬದ ತುದಿಯಲ್ಲಿ ಭೀಮರಾಜ್. ಸೊಂಟದ ಪಟ್ಟಿಗೆ ಜೋತು, ಎರಡೂ ಬರಿಗೈಯಲ್ಲಿ ತಂತಿ ಹಿಡಿದು ಕಟ್ಟುತ್ತಿದ್ದ. ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು.

ಅವನು ಕೆಳಗೆ ನೋಡಿ ಬೆರಗಾದ. "ಯಾಕ್ ಮೇಡಂ, ಇಲ್ಲೀಗಂಟ ಬಂದ್ರಿ? ಇನ್ನು ಕಾಲು ಗಂಟೆ ಕೆಲ್ಸ ಐತೆ. ತಂತಿ ಕಟ್ಟೋ ಪಿಂಗಾಣಿನೂ ಒಡೆದಿತ್ತು, ಬದಲಾಯಿಸ್ದೆ."

ಮಂಜುಳಾ ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟಳು. ಪಕ್ಕದಲ್ಲಿ ಉಗ್ರಪ್ಪ ಬದುವಿನ ಮೇಲೆ ಕೂತುಬಿಟ್ಟ. ಕೂತವನು ಭೀಮರಾಜನನ್ನು ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಒದ್ದೆ ಪಂಚೆಯ ಮೇಲಿದ್ದ ತನ್ನ ಕೈಗಳನ್ನು ನೋಡುತ್ತಾ ಕೂತ. ಸ್ವಲ್ಪ ಹೊತ್ತಿನ ಹಿಂದೆ ಅರ್ಥಿಂಗ್ ಕಳಚಿದ ಕೈಗಳು ಅವು.

"ಮುಗಿಸಿ ಅಣ್ಣ," ಅಂದಳು ಮಂಜುಳಾ. "ನಾನು ಇಲ್ಲೇ ಇರ್ತೀನಿ."

ಭೀಮರಾಜ್ ಇಳಿದು, ಮೂವರೂ ಹಳ್ಳ ದಾಟಿ ವಾಪಸ್ ಬಂದು, ಅವಳು ಮೂವರು ಲೈನ್‌ಮನ್‌ಗಳನ್ನೂ ಕಣ್ಣೆದುರು ನಿಲ್ಲಿಸಿಕೊಂಡು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದಾಗ ಮೂರು ಇಪ್ಪತ್ತು. ನಾಲ್ಕಕ್ಕೆ ಟ್ಯಾಂಕರ್ ಬಂತು. ಅದರವರು ಹಾಲು ಪರೀಕ್ಷಿಸಿ ಬೇಡವೆಂದು ತಲೆ ಆಡಿಸಿ, ಖಾಲಿ ವಾಹನ ತಿರುಗಿಸಿಕೊಂಡು ಹೋದರು. ಜಾನಕಮ್ಮ ಡೇರಿಯ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಂಜುಳಾ ಅವಳ ಮುಂದೆ ಹೋಗಿ ನಿಂತಳು, ಕೆಸರು ಇನ್ನೂ ಕಾಲಲ್ಲೇ ಇತ್ತು. ಕ್ಷಮಿಸಿ ಅನ್ನಲು ಮನಸ್ಸು ಒಪ್ಪಲಿಲ್ಲ; ಅಂದರೆ ಅದು ಸುಳ್ಳಾಗುತ್ತಿತ್ತು. "ಕಂಬದ ಮೇಲೆ ಮನುಷ್ಯ ಇದ್ದ ಅಮ್ಮ," ಅಂದಳು.

ಜಾನಕಮ್ಮ ಮುಖ ಎತ್ತಲಿಲ್ಲ.

ಮೂರನೆಯ ದಿನ ಬೇಲೂರಿನಿಂದ ನೋಟಿಸ್ ಬಂತು. ಮೇಲಧಿಕಾರಿಯ ಮಾತು ಮೀರಿ ವಿದ್ಯುತ್ ಪೂರೈಕೆ ತಡ ಮಾಡಿದ್ದಕ್ಕೆ ವಿವರಣೆ ಕೊಡಬೇಕು, ಸಿಬ್ಬಂದಿಯೂ ಹಾಜರಿರಬೇಕು. ಐವರೂ ಬೇಲೂರಿಗೆ ಹೋದರು. ಮೋಹನ್‌ಕುಮಾರರ ಮುಂದೆ ಕೆಂಚಪ್ಪನ ದೂರು ಇತ್ತು. ಸಿಬ್ಬಂದಿಯ ಹೇಳಿಕೆಯನ್ನು ಪುಟ್ಟರಾಜು ಹಿಂದಿನ ದಿನವೇ ಬರೆದು ತಂದಿದ್ದ. ಕೆಲಸ ಮುಗಿದಿದ್ದರೂ ಜೆಇ ಲೈನ್ ವಾಪಸ್ ಕೊಡಲಿಲ್ಲ ಎಂದು ಅದರಲ್ಲಿತ್ತು. ಸಹಿಗೆ ಉಗ್ರಪ್ಪನ ಮುಂದಿಟ್ಟರು.

ಉಗ್ರಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದ. ಬಹಳ ಹೊತ್ತು ಹಿಡಿಯಿತು. ಓದಿ ಮಡಚಿ ಪುಟ್ಟರಾಜುವಿನ ಕೈಗೆ ವಾಪಸ್ ಕೊಟ್ಟ.

"ಕೆಲ್ಸ ಮುಗ್ದಿರ್ಲಿಲ್ಲ ಸಾರ್. ಮುಗೀತು ಅಂತ ನಾನಂದೆ. ಯಾವನೋ ಕುರಿ ಕಾಯೋನು ಸಿಳ್ಳೆ ಹೊಡ್ದ, ನಾನು ಭೀಮರಾಜ ಅಂದ್ಕಂಡೆ. ಅರ್ಥಿಂಗ್ ತೆಗೆದೋನೂ ನಾನೇ. ಲೈನ್ ಕೊಡಿ ಕೊಡಿ ಅಂತ ಎಲ್ರೂ ಅಂದ್ವಿ, ನೀವೂ ಅಂದ್ರಿ. ಅವ್ರೊಬ್ರು ಕೊಡ್ಲಿಲ್ಲ." ಅವನು ಭೀಮರಾಜನ ಕಡೆ ಕೈ ತೋರಿಸಿದ. "ಕೊಟ್ಟಿದ್ರೆ ಇವತ್ತು ನಾವು ಇವ್ನ ಹೆಂಡ್ರ ಮುಂದೆ ಕೂತಿರ್ತಿದ್ವಿ. ಬರ್ಕಳಿ ಇದ್ನ. ಸೈನ್ ಹಾಕ್ತೀನಿ."

ಮೋಹನ್‌ಕುಮಾರ್ ಕಿಟಕಿಯ ಕಡೆ ನೋಡಿದರು. ಆಮೇಲೆ ಭೀಮರಾಜನ ಕಡೆ ತಿರುಗಿದರು. "ನೀನೇನಂತೀಯಪ್ಪ?"

"ಹೋದ ತಿಂಗಳ ಅರ್ಜೀಲಿ ನನ್ ಸಹಿ ಐತೆ ಸಾರ್," ಅಂದ ಭೀಮರಾಜ್. "ಅದ್ನ ಹೊಡೆದುಹಾಕಿ. ಅಷ್ಟೇ ನಾನ್ ಹೇಳೋದು."

ಆದರೂ ಮಂಜುಳಾಳಿಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು. ಮೇಲಧಿಕಾರಿಯ ಜೊತೆ ಮಾತಾಡಿದ ರೀತಿಗೆ. ಅವಳು ಅದನ್ನು ತೆಗೆದುಕೊಂಡು, ಅಲ್ಲೇ ನಿಂತು, ಕೆಳಗೆ ಒಂದು ಸಾಲು ಬರೆದಳು: ಮತ್ತೆ ಇಂಥ ಸಂದರ್ಭ ಬಂದರೆ ಹೀಗೇ ಮಾಡುತ್ತೇನೆ. ಮೋಹನ್‌ಕುಮಾರ್ ಓದಿ ಫೈಲಿಗೆ ಸೇರಿಸಿದರು. ಮುಂದಿನ ವಾರ ಉಗ್ರಾಣದಿಂದ ಎರಡು ಹೊಸ ಅರ್ಥಿಂಗ್ ಜೊತೆ ಬಂದವು, ಯಾರೂ ಮೂರನೆಯ ಸಲ ಬರೆಯದೆಯೇ.

ಅಷ್ಟಕ್ಕೇ ಎಲ್ಲ ನೇರವಾಯಿತೆಂದಲ್ಲ. ಕೆಂಚಪ್ಪ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಪುಟ್ಟರಾಜು ಜೀಪಿನಲ್ಲಿ ಅವಳ ಜೊತೆ ಅಗತ್ಯಕ್ಕಿಂತ ಒಂದು ಮಾತೂ ಆಡಲಿಲ್ಲ, ಅವಳೂ ಆಡಿಸಲಿಲ್ಲ. ಅರುಣ್‌ಕುಮಾರ್ ಮಾತ್ರ ಈಗ ಯಾರ ಮುಖವನ್ನೂ ನೋಡದೆ ಕಂಬದ ಬುಡದಲ್ಲಿ ಸಲಾಕೆ ಹೂಳಲು ಕಲಿತಿದ್ದ.

ಜೂನ್ ಮೊದಲ ವಾರ ಹಳೇಬೀಡಿನ ರಸ್ತೆಯಲ್ಲಿ ವಾಲಿದ ಕಂಬವೊಂದನ್ನು ಬದಲಾಯಿಸುವುದಿತ್ತು. ಹೊಸ ಕಂಬ ಎಲ್ಲಿ ನೆಡಬೇಕೆಂದು ಮಂಜುಳಾ ನಕ್ಷೆ ನೋಡಿ ಸುಣ್ಣದಲ್ಲಿ ಗುರುತು ಹಾಕಿಸಿದ್ದಳು. ಉಗ್ರಪ್ಪ ಬಂದು ಗುರುತಿನ ಮೇಲೆ ಕಾಲಿಟ್ಟು ನಿಂತ.

"ಇಲ್ಲಿ ಬ್ಯಾಡ."

"ನಕ್ಷೇಲಿ ಇಲ್ಲೇ ಇದೆ."

"ನಕ್ಷೆ ಬರೆದೋನು ಮಳೆಗಾಲದಲ್ಲಿ ಬಂದು ನೋಡಿಲ್ಲ. ಇಲ್ಲಿ ನೀರು ನಿಲ್ತದೆ, ಎರಡು ವರ್ಷಕ್ಕೆ ಮತ್ತೆ ವಾಲ್ತದೆ. ಆರಡಿ ಆ ಕಡೆ ತಗಳಿ."

"ಆ ಕಡೆ ತಗೊಂಡ್ರೆ ತಂತಿ ಆ ಮನೆ ಸೂರಿನ ಮೇಲೆ ಹೋಗುತ್ತೆ. ನಾನು ಬಿಡಲ್ಲ."

"ಸೂರಿಗೂ ತಂತಿಗೂ ಎಷ್ಟ್ ದೂರ ಬೇಕು ಅಂತ ನಂಗೆ ಹೇಳ್ಕೊಡ್ತೀರಾ?"

"ಹೇಳ್ಕೊಡ್ತೀನಿ. ಟೇಪ್ ತನ್ನಿ."

"ನೀವೇ ತನ್ನಿ."

ದನಿ ಏರಿತು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಉಗ್ರಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ಕೈ ತೋರಿಸುತ್ತಿದ್ದ. ಮಂಜುಳಾ ನಕ್ಷೆಯನ್ನು ಅವನ ಮೂಗಿನ ಹತ್ತಿರ ಹಿಡಿದಿದ್ದಳು. ಟೇಪ್ ತಂದು ಇಬ್ಬರೂ ಒಂದೊಂದು ತುದಿ ಹಿಡಿದು ಅಳೆದರು, ಅಳೆಯುವಾಗಲೂ ಜಗಳ ಬಿಡಲಿಲ್ಲ. ಕೊನೆಗೆ ಮೂರಡಿಗೆ ಬಂದು ನಿಂತಿತು. ಅವಳ ಗುರುತೂ ಅಲ್ಲ, ಅವನದೂ ಅಲ್ಲ.

"ಹೂಂ, ಇಲ್ಲಿ ಅಗೀರಿ," ಅಂದ ಉಗ್ರಪ್ಪ, ಇನ್ನೂ ಸಿಟ್ಟಿನಲ್ಲೇ. ಅಗೆಯಲು ನಿಂತ ಭೀಮರಾಜ್ ಅವಳ ಕಡೆ ನೋಡಿದ. ಅವಳು ಹೂಂ ಅನ್ನುವ ತನಕ ಹಾರೆ ಎತ್ತಲಿಲ್ಲ.

"ಅಗೀರಿ," ಅಂದಳು ಮಂಜುಳಾ.